ಬಟ್ಟೆ ಸ್ಟ್ಯಾಂಡ್ ಮೇಲೆ ಕಟ್ಟಿದ ಬೆಳವದ ಗೂಡನ್ನು ಬೇರೆ ಕಡೆ ಇಡಬಹುದಾ?

ಶಿವಮೊಗ್ಗದ ನಿಮ್ಮ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ಸ್ಟ್ಯಾಂಡ್ ಮೇಲೆ ಹಕ್ಕಿ ಗೂಡು ಕಟ್ಟಿದೆ, ಎರಡು ಬಿಳಿ ಮೊಟ್ಟೆ ಇವೆ, ಗಾಳಿಗೆ ಅಲುಗಾಡುತ್ತಿದೆ, ಎತ್ತಿ ಗಿಡದಲ್ಲಿ ಇಡಲಾ ಎಂದು ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ನಾನು ಹಾಗೆ ಮಾಡಿ ಎರಡು ಮೊಟ್ಟೆ ಹಾಳು ಮಾಡಿದ್ದೇನೆ.

ಕುತ್ತಿಗೆಯ ಹಿಂದೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ ಎಂದಿದ್ದೀರಲ್ಲ, ಅದು ಚುಕ್ಕೆ ಬೆಳವ. ನಮ್ಮ ತೀರ್ಥಹಳ್ಳಿ ಕಡೆ ಚೋರೆ ಹಕ್ಕಿ ಅನ್ನುತ್ತೇವೆ. ನಮ್ಮ ಜಗಲಿಯಲ್ಲಿ ಕೊಡೆ ತೂಗುಹಾಕಲು ಎರಡು ಗಳ ಕಟ್ಟಿದ್ದೇವೆ. ಅದರ ಮೇಲೆ ಗೂಡು ಕಟ್ಟಿತ್ತು. ಗೂಡು ಅಂದರೆ ಒಂದಿಷ್ಟು ಕಡ್ಡಿ ಅಷ್ಟೇ. ಕೆಳಗೆ ನಿಂತರೆ ಸಂದಿಯಲ್ಲಿ ಮೊಟ್ಟೆ ಕಾಣುತ್ತಿತ್ತು. ಬಿದ್ದೇ ಹೋಗುತ್ತದೆ ಅನ್ನಿಸಿತು. ಹಾಗೇ ಎತ್ತಿ ಬುಟ್ಟಿಯಲ್ಲಿಟ್ಟು ಅಂಗಳದ ದಾಸವಾಳ ಗಿಡಕ್ಕೆ ಕಟ್ಟಿದೆ. ಹತ್ತು ಹೆಜ್ಜೆ ದೂರವೂ ಇರಲಿಲ್ಲ. ಹಕ್ಕಿ ಬಂದು ಖಾಲಿ ಗಳದ ಮೇಲೆಯೇ ಕೂತಿತು. ಅಲ್ಲೇ ಅತ್ತಿತ್ತ ನಡೆದು ಹುಡುಕಿತು. ಬುಟ್ಟಿ ಕಡೆ ಹೋಗಲೇ ಇಲ್ಲ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಮುಂದಿನ ವರ್ಷ ಮತ್ತೆ ಅದೇ ಗಳ. ಈ ಸಲ ಗೂಡು ಮುಟ್ಟಲಿಲ್ಲ, ಕೆಳಗೆ ಆಸರೆ ಕೊಟ್ಟೆ. ಒಂದು ಅಡಿಕೆ ಹಾಳೆಯನ್ನು ತಟ್ಟೆಯ ಹಾಗೆ ಮಡಿಸಿ, ನೀರು ನಿಲ್ಲದಿರಲೆಂದು ತೂತು ಮಾಡಿ, ಎರಡೂ ಗಳಕ್ಕೆ ಬಿಗಿದೆ. ನೀವೂ ಹಾಗೇ ಮಾಡಿ. ಹಾಳೆ ಸಿಗದಿದ್ದರೆ ಗಟ್ಟಿ ರಟ್ಟು ಸಾಕು. ಸ್ಟ್ಯಾಂಡ್ ಕಾಲನ್ನು ಗ್ರಿಲ್ಲಿಗೆ ಕಟ್ಟಿ. ಮಳೆ ಇರಚಲು ಹೊಡೆಯುವ ಕಡೆ ಒಂದು ಮರೆ ಇರಲಿ. ಇದನ್ನೆಲ್ಲ ನಿಧಾನಕ್ಕೆ, ಹಕ್ಕಿ ತಾನಾಗಿ ಎದ್ದು ಹೋದಾಗ ಮಾಡಿ. ಬೆಚ್ಚಿ ಹಾರಿದರೆ ಅದರ ಕಾಲಿಗೇ ಸಿಕ್ಕಿ ಮೊಟ್ಟೆ ಉರುಳುತ್ತದೆ. ಅದಕ್ಕೇ ಫೋಟೋಗೆಂದು ಪದೇ ಪದೇ ಇಣುಕುವುದೂ ಬೇಡ.

ಕಾವು ಎರಡು ವಾರ, ಮರಿ ಹಾರಲು ಇನ್ನೆರಡು ವಾರ. ಒಂದು ತಿಂಗಳು ಬಟ್ಟೆ ಒಳಗೆ ಒಣಗಲಿ, ಮಲೆನಾಡಿನ ಮಳೆಗಾಲದಲ್ಲಿ ನಮಗೆ ಅದೇನು ಹೊಸದಲ್ಲ, ಅಲ್ವಾ? ಕಾವಿಗೆ ಹಗಲು ಹೆಚ್ಚಾಗಿ ಗಂಡು ಕೂರುತ್ತದೆ, ಸಂಜೆಯಿಂದ ಬೆಳಗಿನವರೆಗೆ ಹೆಣ್ಣು. ನೋಡಲು ಎರಡೂ ಒಂದೇ ಥರ, ಹಾಗಾಗಿ ಒಂದೇ ಹಕ್ಕಿ ಊಟವಿಲ್ಲದೆ ಕೂತಿದೆ ಅನ್ನಿಸುತ್ತದೆ. ಚಿಂತೆ ಬೇಡ.

ಮರಿಗೆ ಅನ್ನ, ಹಾಲು ಏನೂ ಕೊಡಬೇಡಿ. ಅಪ್ಪ ಅಮ್ಮ ಇಬ್ಬರ ಗಂಟಲ ಚೀಲದಲ್ಲೂ ಮೊಸರಿನಂಥ ಆಹಾರ ಬರುತ್ತದೆ. ಮರಿ ಅವುಗಳ ಬಾಯೊಳಗೆ ಕೊಕ್ಕು ತೂರಿಸಿ ಅದನ್ನೇ ತಿನ್ನುತ್ತದೆ. ಪುಟ್ಟ ಮರಿ ಕೆಳಗೆ ಬಿದ್ದರೆ ಎತ್ತಿ ಗೂಡಿಗೇ ಇಡಿ. ಮನುಷ್ಯರ ಕೈ ವಾಸನೆ ಬಂದರೆ ಬಿಟ್ಟುಹೋಗುತ್ತವೆ ಅನ್ನುವ ಮಾತು ನಿಜವಲ್ಲ.

ಓನರ್ ಕಿತ್ತುಹಾಕಿ ಅಂದರೆ 1972ರ ವನ್ಯಜೀವಿ ಕಾಯ್ದೆಯ ಮಾತು ತಿಳಿಸಿ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕೆಡಿಸುವುದು ಅದರಲ್ಲಿ ಬೇಟೆಯ ಲೆಕ್ಕಕ್ಕೇ ಬರುತ್ತದೆ.

ಮರಿಗಳು ಹಾರಿದ ಮೇಲೆ ಗೂಡು ತೆಗೆದು ಸ್ಟ್ಯಾಂಡ್ ಒಳಗಿಡಿ. ಹಾಗೇ ಬಿಟ್ಟರೆ ಮತ್ತೆ ಅಲ್ಲೇ ಬಂದು ಮೊಟ್ಟೆ ಇಡಬಹುದು. ನಾವಂತೂ ಕೊಡೆಗಳಿಗೆ ಗೋಡೆಯಲ್ಲಿ ಬೇರೆ ಮೊಳೆ ಹೊಡೆದಿದ್ದೇವೆ. ವರ್ಷಕ್ಕೊಂದು ಹೊಸ ಹಾಳೆ ಗಳಕ್ಕೆ ಕಟ್ಟುತ್ತೇವೆ.