ಜೀಪು ಹತ್ತಿದ ಕ್ಷಣದಿಂದ ಆಕೆ ನಿಮ್ಮ ಕೆಲಸದಲ್ಲಿದ್ದಾಳೆ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ನಲವತ್ತೈದು ಎಕರೆ ಕಾಫಿ ತೋಟ. ವರ್ಷವಿಡೀ ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಹಣ್ಣು ಕೊಯ್ಲಿನ ಕಾಲಕ್ಕೆ ಮೇಸ್ತ್ರಿಯೊಬ್ಬರು ಹೊರಗಿನಿಂದ ಇಪ್ಪತ್ತೈದು ಹೆಂಗಸರನ್ನು ಬಾಡಿಗೆ ಜೀಪುಗಳಲ್ಲಿ ಕರೆತರುತ್ತಾರೆ. ಒಬ್ಬ ಚಾಲಕ ಮೈಮುಟ್ಟುತ್ತಾನೆ ಎಂದು ಅವರಲ್ಲೊಬ್ಬಾಕೆ ನನ್ನ ಹೆಂಡತಿಯ ಬಳಿ ಹೇಳಿಕೊಂಡು ಅತ್ತಿದ್ದಾಳೆ. ಐದು ಸಾವಿರ ಕೊಡಿಸಿ ಮಾತು ಮುಗಿಸೋಣ ಎನ್ನುತ್ತಾರೆ ಮೇಸ್ತ್ರಿ. ಚಾಲಕ ನಮ್ಮವನಲ್ಲ, ಆಕೆಯ ಹೆಸರು ನಮ್ಮ ಹಾಜರಿ ಪುಸ್ತಕದಲ್ಲೂ ಇಲ್ಲ. ನಮ್ಮ ಜವಾಬ್ದಾರಿ ಎಷ್ಟು?

ಉತ್ತರ: ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಎಂಬ ಕಾರಣಕ್ಕೆ ನಿಮ್ಮ ಜವಾಬ್ದಾರಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಅಂದರೆ ಪೋಷ್ ಕಾಯ್ದೆ, ದಿನಗೂಲಿಯವರನ್ನೂ ಗುತ್ತಿಗೆದಾರರ ಮೂಲಕ ಬಂದವರನ್ನೂ ಉದ್ಯೋಗಿಗಳೆಂದೇ ಎಣಿಸುತ್ತದೆ. ಮಾಲೀಕನಿಗೆ ಗೊತ್ತಿಲ್ಲದೆ ಗುತ್ತಿಗೆದಾರ ಕರೆತಂದವರೂ ಅದರಲ್ಲಿ ಸೇರಿದ್ದಾರೆ. ಕೆಲಸಕ್ಕೆ ಹೋಗಿಬರಲು ಮಾಲೀಕ ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಆದ್ದರಿಂದ ಬೆಳಗಿನ ಮಂಜಿನಲ್ಲಿ ಆಕೆ ಜೀಪು ಹತ್ತಿದಾಗಲೇ ನಿಮ್ಮ ಹೊಣೆ ಶುರುವಾಗುತ್ತದೆ.

ಮೇಸ್ತ್ರಿಯ ಸಲಹೆಯನ್ನು ಇಂದೇ ತಳ್ಳಿಹಾಕಿ. ರಾಜಿ ಮಾಡಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಅದನ್ನು ಆ ಮಹಿಳೆಯೇ ಕೇಳಬೇಕು, ಅದೂ ಇಂಥ ದೂರು ವಿಚಾರಿಸುವ ಸಮಿತಿಯ ಮೂಲಕ ನಡೆಯಬೇಕು. ಹಣವನ್ನು ರಾಜಿಯ ಆಧಾರ ಮಾಡಿಕೊಳ್ಳುವಂತಿಲ್ಲ ಎಂದು ಕಾಯ್ದೆ ಬಿಡಿಸಿ ಹೇಳಿದೆ.

ನನ್ನನ್ನು ಹೆಚ್ಚು ನೋಯಿಸುವುದು ಇದರ ಮುಂದಿನ ಹೆಜ್ಜೆ. ದೂರು ಬಂದ ಮರುದಿನದಿಂದ ಆ ಹೆಂಗಸನ್ನೇ ಜೀಪಿಗೆ ಹತ್ತಿಸಿಕೊಳ್ಳುವುದಿಲ್ಲ. 'ಸದ್ಯಕ್ಕೆ ಬೇಡ, ಆಮೇಲೆ ಹೇಳಿಕಳಿಸುತ್ತೇವೆ' ಎನ್ನುತ್ತಾರೆ. ಕೊಯ್ಲಿನ ಮೂರು ತಿಂಗಳ ದುಡಿಮೆಯಲ್ಲೇ ವರ್ಷದ ಸಾಲ ತೀರಿಸಬೇಕಾದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅದನ್ನು ಕಂಡ ಉಳಿದವರು ಮುಂದೆ ಬಾಯಿ ತೆರೆಯುವುದಿಲ್ಲ. ಮೊದಲು ಚಾಲಕನನ್ನು ಬದಲಿಸಿ. ಆಕೆಯ ಕೂಲಿ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.

ಚಾಲಕ ನಿಮ್ಮ ನೌಕರನಲ್ಲ ನಿಜ. ಹಾಗಿದ್ದಾಗ ಏನು ಮಾಡಬೇಕೆಂದೂ ಕಾಯ್ದೆಯ 19ನೇ ಕಲಂನಲ್ಲಿದೆ. ಆಕೆ ಬಯಸಿದರೆ ಪೊಲೀಸ್ ದೂರು ಕೊಡಲು ನೀವು ನೆರವಾಗಲೇಬೇಕು. ಯಾರಾದರೂ ಜೊತೆಗೆ ಠಾಣೆಗೆ ಹೋಗಿ. ಆ ದಿನವನ್ನು ಗೈರುಹಾಜರಿ ಎಂದು ಬರೆಯಬೇಡಿ.

ಇನ್ನು ಸಮಿತಿಯ ಮಾತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲಿಖಿತ ಆದೇಶದ ಮೂಲಕ ಆಂತರಿಕ ಸಮಿತಿ ರಚಿಸಲೇಬೇಕು. ಇಲ್ಲದಿದ್ದರೆ ಐವತ್ತು ಸಾವಿರ ರೂಪಾಯಿವರೆಗೆ ದಂಡ. ಹಿರಿಯ ಹುದ್ದೆಯ ಮಹಿಳಾ ಉದ್ಯೋಗಿ ಅಧ್ಯಕ್ಷೆ, ನೌಕರರಿಂದ ಕನಿಷ್ಠ ಇಬ್ಬರು, ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯಿಂದಲೋ ಈ ವಿಷಯ ಬಲ್ಲವರಿಂದಲೋ ಹೊರಗಿನ ಒಬ್ಬರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಲೆಕ್ಕ ಬರೆಯುವ ರೈಟರು, ಮೇಸ್ತ್ರಿ ಎಲ್ಲರೂ ಗಂಡಸರೇ ಆಗಿರುವ ನಮ್ಮ ತೋಟಗಳಲ್ಲಿ ಹಿರಿಯ ಹುದ್ದೆಯ ಹೆಂಗಸು ಸಿಗುವುದು ಕಷ್ಟ. ಹಾಗಾದಾಗ ಬೇರೆ ಸಂಸ್ಥೆಯವರನ್ನು ನೇಮಿಸಿಕೊಳ್ಳಬಹುದು. ನಿಮ್ಮ ಪತ್ನಿಯವರ ಮನಸ್ಸು ದೊಡ್ಡದು, ಆದರೆ ಅವರು ಉದ್ಯೋಗಿಯಲ್ಲದ ಕಾರಣ ಅಧ್ಯಕ್ಷೆಯ ಸ್ಥಾನಕ್ಕೆ ಹೊಂದುವುದಿಲ್ಲ. ಆ ಹೆಂಗಸು ಮೊದಲು ಬಾಯಿಬಿಟ್ಟಿದ್ದು ಅವರ ಹತ್ತಿರ. ಆ ನಂಬಿಕೆಯನ್ನು ಅವರು ಹಾಗೆಯೇ ಉಳಿಸಿಕೊಳ್ಳಲಿ.

ದೂರು ಲಿಖಿತವಾಗಿರಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಆಕೆಗೆ ಬರೆಯಲು ಬಾರದಿದ್ದರೆ ಬರೆದುಕೊಳ್ಳುವ ಹೊಣೆ ಸಮಿತಿಯದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆಕೆಯ ಹೆಸರು ಎಲ್ಲೂ ಹೊರಗೆ ಬರಬಾರದು. ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ಸಂಜೆಯೊಳಗೆ ಎಲ್ಲರಿಗೂ ಎಲ್ಲ ಗೊತ್ತಾಗುತ್ತದೆ ಎಂಬುದು ನಿಮಗೂ ಗೊತ್ತು. ಹಾಗಾಗಿ ಈ ವಿಚಾರವನ್ನು ಮೇಸ್ತ್ರಿಯ ಮುಂದೆ ಇನ್ನು ಎತ್ತಲೇಬೇಡಿ.

ಸಮಿತಿಯ ಆದೇಶವನ್ನು ಎದ್ದು ಕಾಣುವ ಕಡೆ ಹಾಕಬೇಕು. ಬಂಗಲೆಯ ಕಚೇರಿ ಗೋಡೆಗೆ ಅಂಟಿಸಿದರೆ ಯಾರು ಓದುತ್ತಾರೆ? ಸಂಜೆ ಹಣ್ಣಿನ ಚೀಲ ಇಳಿಸಿ ತೂಕಕ್ಕೆ ಕಾಯುವ ಜಾಗದಲ್ಲಿ ಹಾಕಿ. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದವರಿದ್ದರೆ ಅವರ ಭಾಷೆಯಲ್ಲೂ ಬರೆಸಿ, ಓದಿ ಹೇಳಿಸಿ.

ಕೊನೆಗೆ ಒಂದು ಸಣ್ಣ ಕೆಲಸ. ಸಕಲೇಶಪುರದ ಕಡೆಯ ತೋಟವೊಂದರಲ್ಲಿ ಕೊಯ್ಲಿಗೆ ಬಂದ ಹೆಂಗಸರನ್ನು ನಾನು ಮಾತನಾಡಿಸುತ್ತಿದ್ದಾಗ ಒಬ್ಬ ಅಜ್ಜಿ ಎದ್ದು ಹೋಗಿ ಜೀಪಿನ ಹಿಂಬದಿಯನ್ನು ತೋರಿಸಿದರು. ಮೆಟ್ಟಿಲು ಎದೆಮಟ್ಟಕ್ಕಿತ್ತು. ಸೀರೆ ಉಟ್ಟವರು ಕೈಚೀಲ ಹಿಡಿದುಕೊಂಡು ತಾವಾಗಿ ಹತ್ತಲಾಗದು, ಕೈ ಕೊಡುವವನು ಬೇಕೇ ಬೇಕು. ತೊಂದರೆ ಆಗುತ್ತಿದ್ದುದು ಆ ಕೈಯಿಂದಲೇ. ಮಾಲೀಕರು ವೆಲ್ಡಿಂಗ್ ಮಾಡಿಸಿ ಕೆಳಗೊಂದು ಮೆಟ್ಟಿಲು, ಪಕ್ಕಕ್ಕೊಂದು ಹಿಡಿಕೆ ಕೂರಿಸಿದರು. ನೀವೂ ಮಾಡಿಸಿ.

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಪೀಠೋಪಕರಣ ಮಳಿಗೆ ಇದೆ. ಲೆಕ್ಕ ಬರೆಯುತ್ತಿದ್ದ ಹುಡುಗ ನೋಟಿಸ್ ಕೊಡದೆ ರಾಜೀನಾಮೆ ಬರೆದಿಟ್ಟು ಹೋದ. ಅವನ ಮೂಲ ಅಂಕಪಟ್ಟಿಗಳು ನನ್ನ ಬಳಿ ಇವೆ. ಕೊನೆಯ ತಿಂಗಳ ಸಂಬಳವನ್ನೂ ತಡೆದಿದ್ದೇನೆ. ತಪ್ಪೇ?

ಉತ್ತರ: ಎರಡೂ ತಪ್ಪು. ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕನ್ನು ಯಾವ ಕಾನೂನೂ ನಿಮಗೆ ಕೊಟ್ಟಿಲ್ಲ. ಇಂದೇ ಹಿಂತಿರುಗಿಸಿ, ಸಹಿ ಪಡೆಯಿರಿ. ಮುಂದೆ ಯಾರನ್ನು ನೇಮಿಸಿದರೂ ಮೂಲ ಪ್ರತಿ ನೋಡಿ ಕೈಯಲ್ಲೇ ಹಿಂದಕ್ಕೆ ಕೊಡಿ, ನಕಲು ಸಾಕು.

ಸಂಬಳದ ವಿಷಯದಲ್ಲಿ ನಿಯಮ ಈಗ ಬಿಗಿಯಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ, ವಜಾ ಮಾಡಿದರೂ ಅವರೇ ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನಗಳಲ್ಲಿ ಬಾಕಿ ವೇತನ ಕೊಡಬೇಕು. ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ ಬರೆದಿದ್ದರೆ ಅದರ ಬಗ್ಗೆ ನೀವು ಬೇರೆಯಾಗಿ ವಾದಿಸಬಹುದು, ಅದಕ್ಕಾಗಿ ಸಂಬಳ ಹಿಡಿದಿಡುವುದಲ್ಲ. ನೀವು ನೇಮಕಾತಿ ಪತ್ರದ ಮಾತನ್ನೇ ಎತ್ತಿಲ್ಲ. ಅದನ್ನು ಕೊಟ್ಟೇ ಇಲ್ಲದಿದ್ದರೆ ವಾದಿಸಲೂ ಏನಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿನ ಬಳಿ ನಮ್ಮ ಹೋಂಸ್ಟೇಯಲ್ಲಿ ಆರೇ ಜನ ಕೆಲಸಕ್ಕಿದ್ದಾರೆ. ನಮಗೂ ಸಮಿತಿ ಬೇಕೇ?

ಉತ್ತರ: ಹತ್ತಕ್ಕಿಂತ ಕಡಿಮೆ ಇದ್ದರೆ ಆಂತರಿಕ ಸಮಿತಿ ಬೇಡ, ಆದರೆ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ನಿಮ್ಮಲ್ಲಿ ಕೆಲಸ ಮಾಡುವ ಹೆಂಗಸರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರು ಮಾಲೀಕರ ಮೇಲೆಯೇ ಇದ್ದರೆ, ಎಷ್ಟೇ ಜನರಿದ್ದರೂ ಅದೇ ಸಮಿತಿ. ದೂರು ಪಡೆದು ಏಳು ದಿನಗಳಲ್ಲಿ ಸಮಿತಿಗೆ ಕಳಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಅವರ ಹೆಸರು, ದೂರವಾಣಿ ಸಂಖ್ಯೆಗಳನ್ನು ಅಡುಗೆಮನೆಯ ಬಾಗಿಲ ಹಿಂದೆ ಬರೆದಿಡಿ. ಅತಿಥಿಗಳಿಂದ ತೊಂದರೆಯಾದರೂ ಮೇಲೆ ಹೇಳಿದ 19ನೇ ಕಲಂ ಅನ್ವಯಿಸುತ್ತದೆ, ಬಾಡಿಗೆ ಎಷ್ಟೇ ಕೊಟ್ಟಿದ್ದರೂ.