ಕೆಂಪು ದೀಪ ಮಿಣುಕುತ್ತಿದೆ, ಏನ್ಮಾಡಲಿ?

ಪ್ರಶ್ನೆ: ಮೊನ್ನೆಯ ಗಾಳಿಮಳೆ ನಂತರ ಫೈಬರ್ ರೂಟರ್‌ನ ‘ಎಲ್‌ಓಎಸ್’ ದೀಪ ಕೆಂಪಗೆ ಮಿಣುಕುತ್ತಿದೆ. ವೈಫೈ ದೀಪ ಹಸಿರಾಗೇ ಇದೆ, ಆದರೆ ನೆಟ್ ಇಲ್ಲ.
– ಓದುಗರೊಬ್ಬರು, ಹೊಸನಗರ

ಉತ್ತರ: ಸುಮ್ನೆ ಆಫ್–ಆನ್ ಮಾಡುತ್ತಾ ಕೂರಬೇಡಿ. ವೈಫೈ ಹಸಿರು ಅಂದರೆ ರೂಟರ್ ವೈಫೈ ಬಿಡುತ್ತಿದೆ, ಅಷ್ಟೇ. ಎಲ್‌ಓಎಸ್ ಅಂದರೆ ‘ಲಾಸ್ ಆಫ್ ಸಿಗ್ನಲ್’, ಅದು ಕೆಂಪಾದರೆ ಹೊರಗಿನಿಂದ ಬೆಳಕಿನ ಸಿಗ್ನಲ್ಲೇ ಬರುತ್ತಿಲ್ಲ. ರೂಟರ್ ಹಿಂದಿನ ತೆಳು ಫೈಬರ್ ವೈರ್ ಕಪಾಟಿನ ಸಂದಿಯಲ್ಲಿ ಮಡಚಿಕೊಂಡಿದೆಯಾ ನೋಡಿ. ಪಿನ್ ಟಕ್ ಅನ್ನುವಷ್ಟು ಒತ್ತಿ. ತುದಿಯೊಳಗೆ ಮಾತ್ರ ಇಣುಕಬೇಡಿ, ಕಣ್ಣಿಗೆ ಕಾಣದ ಲೇಸರ್ ಅದು. ಆಮೇಲೆ ಕೊಡೆ ಹಿಡಿದು ತೋಟದ ಕಡೆ ಹೋಗಿ, ಹೊರಗಿನ ಕೇಬಲ್ ನೋಡಿ. ಹೋದ ಮಳೆಗಾಲ ನಮ್ಮಲ್ಲಿ ಅಡಿಕೆ ಸೋಗೆಯೊಂದು ಕೇಬಲ್ ಮೇಲೆ ಬಿದ್ದು ನೇತಾಡುತ್ತಿತ್ತು. ನಾನು ಮೂರು ದಿನ ರೂಟರ್‌ಗೆ ಬೈದಿದ್ದೇ ಬಂತು! ಒಳಗಿನ ಗಾಜಿನ ಎಳೆ ತುಂಡಾಗಿದ್ದರೆ ಟೇಪ್ ಸುತ್ತಿ ಪ್ರಯೋಜನವಿಲ್ಲ, ಬೆಸೆಯುವ ಮಷೀನೇ ಬೇಕು. ದೂರು ಕೊಡುವಾಗ ಬರೀ ‘ನೆಟ್ ಇಲ್ಲ’ ಅನ್ನಬೇಡಿ, ‘ಎಲ್‌ಓಎಸ್ ಕೆಂಪು’ ಅಂತಲೇ ಹೇಳಿ.