ಚಿಪ್ಸ್ ಬಿಟ್ಟೆ, ಮನೆಯವರು ಮುನಿಸಿಕೊಂಡರು

ಪ್ರಶ್ನೆ: ಮೇಡಂ, ನನಗೆ 39 ವರ್ಷ. ಕಾಯಿಲೆ ಅಂತ ಏನೂ ಇಲ್ಲ. ಆದರೆ ದಿನಕ್ಕೆ ನಾಲ್ಕೈದು ಕಾಫಿ, ಪ್ರತಿ ಸಲವೂ ಎರಡು ಚಮಚ ಸಕ್ಕರೆ. ಸಂಜೆ ಆಫೀಸಿನಲ್ಲಿ ಬಿಸ್ಕತ್ತು. ಮಕ್ಕಳು ಮಲಗಿದ ಮೇಲೆ ಮನೆಯವರ ಜೊತೆ ಟಿವಿ ಮುಂದೆ ಚಿಪ್ಸು, ಕೂಲ್‌ಡ್ರಿಂಕ್ಸು. ಇವೆಲ್ಲ ಇಲ್ಲದಿದ್ದರೆ ಹೇಗಿರುತ್ತೆ ನೋಡೋಣ ಅಂತ ಒಂದು ತಿಂಗಳ ಪ್ರಯೋಗಕ್ಕೆ ಇಳಿದೆ, ಎಲ್ಲವನ್ನೂ ಒಂದೇ ದಿನ ನಿಲ್ಲಿಸಿದೆ. ಮೊದಲ ವಾರ ವಿಪರೀತ ತಲೆನೋವು, ಸಿಡುಕು. ಆಮೇಲೆ ಸ್ವಲ್ಪ ಹಗುರ ಅನ್ನಿಸಿತು. ಎರಡನೇ ವಾರ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ, ಬೇಡ ಅನ್ನಲಾಗದೆ ಒಂದು ತುಂಡು ಕೇಕ್ ತಿಂದೆ. ಹೇಗೂ ಕೆಟ್ಟಿತಲ್ಲ ಎಂದು ಅದೇ ರಾತ್ರಿ ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದು ದೊಡ್ಡ ಪ್ಯಾಕೆಟ್ ಚಿಪ್ಸ್ ಖಾಲಿ ಮಾಡಿದೆ. ಕವರನ್ನು ಕಾಣದ ಹಾಗೆ ಕಸದ ಬುಟ್ಟಿಯ ತಳಕ್ಕೆ ತುರುಕಿದೆ. ಮನೆಯವರಿಗೆ ಹೇಳಿಲ್ಲ. ಅವರಿಗೋ ಮೊದಲಿಂದಲೂ ಮುನಿಸು. ‘ಇರೋದೇ ಇಷ್ಟು ಖುಷಿ, ಅದೂ ಬೇಡ ಅಂದ್ರೆ ನೀನೊಬ್ಬಳೇ ಸನ್ಯಾಸಿ ಆಗು’ ಅಂತಾರೆ. ಈಗ ಅವರೊಬ್ಬರೇ ಟಿವಿ ನೋಡುತ್ತಾರೆ, ನಾನು ಬೇಗ ಹೋಗಿ ಮಲಗುತ್ತೇನೆ. ಇಷ್ಟು ಸಣ್ಣ ವಿಷಯಕ್ಕೆ ಮನೆಯ ನೆಮ್ಮದಿ ಕೆಡಿಸಿಕೊಳ್ಳಬೇಕಾ? ನನಗೆ ಮನಸ್ಸು ಗಟ್ಟಿಯಿಲ್ಲವಾ? ಮುಂದುವರಿಸಲಾ, ಬಿಟ್ಟುಬಿಡಲಾ?
– ಹೆಸರು ಬೇಡ

ಉತ್ತರ: ಮುಂದುವರಿಸಿ. ಆದರೆ ಈಗ ಮಾಡುತ್ತಿರುವ ರೀತಿಯಲ್ಲಿ ಬೇಡ.

ಹೊರಟಾಗ ನಿಮಗೆ ಇದ್ದದ್ದು ಕುತೂಹಲ. ‘ಹೇಗಿರುತ್ತೆ ನೋಡೋಣ’ ಅಂದುಕೊಂಡಿರಿ, ಚೆನ್ನಾದ ಆರಂಭ ಅದು. ನಡುವೆ ಎಲ್ಲೋ ಆ ಕುತೂಹಲ ಹೋಗಿ ಅದರ ಜಾಗದಲ್ಲಿ ಪರೀಕ್ಷೆ ಬಂದು ಕೂತಿದೆ. ಪಾಸಾಗಬೇಕು, ಇಲ್ಲದಿದ್ದರೆ ಫೇಲು. ಕೇಕ್ ತಿಂದ ಕೂಡಲೇ ನಿಮಗೆ ನೀವೇ ಫೇಲ್ ಅಂತ ಬರೆದುಕೊಂಡಿರಿ. ಪ್ರಯೋಗ ಮಾಡುವವರಿಗೆ ಆ ಕೇಕ್ ಕೂಡ ಒಂದು ಮಾಹಿತಿ: ಹತ್ತು ಜನ ಸುತ್ತ ನಿಂತು ತಟ್ಟೆ ಚಾಚಿದಾಗ ಬೇಡ ಅನ್ನುವುದು ನನಗೆ ಕಷ್ಟ. ಅಷ್ಟು ಬರೆದಿಟ್ಟುಕೊಂಡು ಮುಂದೆ ಹೋಗಬಹುದಿತ್ತು.

‘ಹೇಗೂ ಕೆಟ್ಟಿತಲ್ಲ’ ಎಂಬ ಮಾತು ನಿಮ್ಮೊಬ್ಬರದೇ ಅಲ್ಲ. 1975ರಷ್ಟು ಹಿಂದೆಯೇ ಪೀಟರ್ ಹರ್ಮನ್ ಎಂಬ ಮನಃಶಾಸ್ತ್ರಜ್ಞರು ಸಹೋದ್ಯೋಗಿಯೊಬ್ಬರ ಜೊತೆ ಇದನ್ನು ಪರೀಕ್ಷಿಸಿ ನೋಡಿದ್ದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಮುಂದಿಟ್ಟರು. ಊಟದ ಮೇಲೆ ಹಿಡಿತವಿಟ್ಟುಕೊಳ್ಳದ ಸಾಮಾನ್ಯ ಜನ, ಮಿಲ್ಕ್‌ಶೇಕ್ ಕುಡಿದಿದ್ದರಿಂದ ಐಸ್‌ಕ್ರೀಂ ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡು ಇರುವವರು ಮಾತ್ರ ಉಲ್ಟಾ, ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಇನ್ನೂ ಹೆಚ್ಚು ತಿಂದರು. ಕಟ್ಟು ಒಮ್ಮೆ ಸಡಿಲವಾದ ಮೇಲೆ ಎಷ್ಟಾದರೇನು ಎಂಬ ಭಾವನೆ ಅದು. ಕುಡಿತ ಬಿಟ್ಟವರು ಮತ್ತೆ ಯಾಕೆ ಜಾರುತ್ತಾರೆ ಎಂದು ಅಭ್ಯಾಸ ಮಾಡಿದ ಅಲನ್ ಮಾರ್ಲಾಟ್ ಕಂಡುಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ. ಮೊದಲ ಜಾರಿಕೆಗಿಂತ, ಜಾರಿದ ಮೇಲೆ ‘ನಾನು ಇಷ್ಟೇ’ ಎಂದು ತೀರ್ಮಾನಿಸಿಕೊಳ್ಳುವುದು ಹೆಚ್ಚು ಅಪಾಯ. ಹಾಗಾಗಿ ಅವತ್ತು ರಾತ್ರಿಯ ಚಿಪ್ಸಿಗೆ ನಿಮ್ಮ ಹಸಿವಾಗಲಿ ದುರ್ಬಲ ಮನಸ್ಸಾಗಲಿ ಕಾರಣವಲ್ಲ. ನೀವೇ ಹಾಕಿಕೊಂಡ ನಿಯಮದ ಬಿಗಿ ಕಾರಣ.

ಇನ್ನು ಆ ತಲೆನೋವು. ಅದಕ್ಕೂ ಮನೋಬಲಕ್ಕೂ ಸಂಬಂಧವೇ ಇಲ್ಲ. ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ದಣಿವಿನ ಸೂಚನೆ ಕೊಡುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಕಾಫಿಯ ಕೆಫೀನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ವರ್ಷಗಟ್ಟಲೆ ನಾಲ್ಕೈದು ಕಾಫಿ ಕುಡಿದ ಮೆದುಳು ಅದಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಒಂದೇ ದಿನ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಒಂದೆರಡು ದಿನದಲ್ಲಿ ತುದಿಗೇರುತ್ತದೆ. ಒಂಬತ್ತು ದಿನದವರೆಗೂ ಕಾಡುವುದುಂಟು. ಸಿಡುಕು, ಮಂಕು ಅದರ ಜೊತೆಯಲ್ಲೇ ಬರುತ್ತವೆ. ನೀವು ಹೇಳಿದ ಆ ಮೊದಲ ವಾರ ಅಕ್ಷರಶಃ ಇದೇ. ಅದನ್ನು ಸಕ್ಕರೆ ಬಿಟ್ಟ ಸಂಕಟ ಅಂದುಕೊಂಡಿರೋ, ಚಿಪ್ಸ್ ಬಿಟ್ಟದ್ದು ಅಂದುಕೊಂಡಿರೋ ಗೊತ್ತಿಲ್ಲ. ನಾಲ್ಕನ್ನೂ ಒಟ್ಟಿಗೆ ನಿಲ್ಲಿಸಿದ್ದರಿಂದ ಯಾವುದು ಏನು ಮಾಡಿತು ಎಂದು ಹೇಳಲು ನಿಮಗೇ ಸಾಧ್ಯವಿಲ್ಲ. ನಿಮ್ಮ ಪ್ರಯೋಗದಲ್ಲಿ ನನಗೆ ಕಂಡ ನಿಜವಾದ ಲೋಪ ಇದೊಂದೇ.

ಈ ಸಲ ಒಂದೊಂದಾಗಿ ತೆಗೆದುಕೊಳ್ಳಿ. ಕಾಫಿ ಇರಲಿ, ಮೊದಲು ಅದರೊಳಗಿನ ಸಕ್ಕರೆ ನೋಡಿ. ಒಂದು ಚಮಚ ಅಂದರೆ ಸುಮಾರು 4 ಗ್ರಾಂ. ದಿನಕ್ಕೆ ನಾಲ್ಕೈದು ಲೋಟಕ್ಕೆ ಎರಡೆರಡು ಚಮಚ ಅಂದರೆ 32ರಿಂದ 40 ಗ್ರಾಂ. 330 ಮಿಲಿಲೀಟರಿನ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೀಗೆ ಮೇಲಿಂದ ಸೇರುವ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ 10ಕ್ಕಿಂತ ಕಡಿಮೆ ಇರಬೇಕು ಎಂದು. 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಕಾಫಿ, ಕೂಲ್‌ಡ್ರಿಂಕ್ ಎರಡರಲ್ಲೇ ನೀವು ಆ ಗೆರೆ ದಾಟುತ್ತಿದ್ದಿರಿ. ಎರಡು ಚಮಚವನ್ನು ಒಂದೂವರೆ ಮಾಡಿ, ನಾಲಿಗೆ ಒಗ್ಗಿದ ಮೇಲೆ ಒಂದು ಮಾಡಿ. ಒಗ್ಗುತ್ತದೆ, ನಂಬಿ. ಕೆಲವು ತಿಂಗಳು ಸಕ್ಕರೆ ಕಡಿಮೆ ಮಾಡಿದವರಿಗೆ ಮೊದಲು ಹದವಾಗಿ ಕಂಡ ಸಿಹಿಯೇ ಹೆಚ್ಚು ಸಿಹಿ ಅನ್ನಿಸತೊಡಗುತ್ತದೆ. ಕಾಫಿಯ ಲೆಕ್ಕ ಆಮೇಲೆ ಇಳಿಸಬಹುದು, ವಾರಕ್ಕೊಂದು ಲೋಟದಂತೆ. ಸಂಜೆಯದ್ದನ್ನು ಮೊದಲು ಬಿಡಿ. ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು, ನಿದ್ದೆಗೆ ಅಡ್ಡ ಬರುವುದು ಅದೇ ಕೊನೆಯ ಲೋಟ.

ಬಿಸ್ಕತ್ತಿನ ಬಗ್ಗೆ ನೀವೇ ಹೆಚ್ಚು ಬರೆದಿಲ್ಲ. ಅದರ ರುಚಿಯ ಬಗ್ಗೆಯಂತೂ ಒಂದು ಅಕ್ಷರವೂ ಇಲ್ಲ. ಅದು ಬಹುಶಃ ಸಂಜೆಯ ಬೇಸರಕ್ಕೆ ಕೈಗೆ ಸಿಕ್ಕ ವಸ್ತು, ಅಷ್ಟೇ. ಎದ್ದು ಒಂದು ಸುತ್ತು ಓಡಾಡಿ ಬಂದು, ಆಮೇಲೂ ಬೇಕೆನಿಸುತ್ತದಾ ನೋಡಿ.

ಚಿಪ್ಸಿನ ಕಥೆ ಬೇರೆ. ಅಲ್ಲಿಗೆ ಬರುವ ಮುಂಚೆ ನನಗೆ ಬಹಳ ಹಿಡಿಸಿದ ಒಂದು ಅಧ್ಯಯನ ಹೇಳುತ್ತೇನೆ. ಡೇವಿಡ್ ನೀಲ್, ವೆಂಡಿ ವುಡ್ ಮತ್ತವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ್ದು. ಸಿನಿಮಾ ಹಾಲಿನಲ್ಲಿ ಕೆಲವರಿಗೆ ತಾಜಾ ಪಾಪ್‌ಕಾರ್ನ್ ಕೊಟ್ಟರು, ಕೆಲವರಿಗೆ ಏಳು ದಿನ ಹಳೆಯದು. ಸಿನಿಮಾ ಅಂದರೆ ಪಾಪ್‌ಕಾರ್ನ್ ಎಂಬ ಅಭ್ಯಾಸ ಬಲವಾಗಿದ್ದವರು ಮೆತ್ತಗಾದ ಹಳೆಯದನ್ನೂ ತಾಜಾ ಇದ್ದಷ್ಟೇ ತಿಂದರು, ರುಚಿ ಚೆನ್ನಾಗಿಲ್ಲ ಎಂದು ಗೊತ್ತಾದರೂ. ಅದೇ ಅಭ್ಯಾಸದವರನ್ನು ಮೀಟಿಂಗ್ ರೂಮಿನಲ್ಲಿ ಕೂರಿಸಿದಾಗ ಹಳೆಯದು ಅಷ್ಟು ಖರ್ಚಾಗಲಿಲ್ಲ. ರೂಢಿಯಿಲ್ಲದ ಕೈಯಲ್ಲಿ ತಿನ್ನಿ ಅಂದಾಗ ಸಿನಿಮಾ ಹಾಲಿನಲ್ಲೂ ಹಳೆಯದು ಕಡಿಮೆ ಖರ್ಚಾಯಿತು. ಜಾಗ, ಕತ್ತಲೆ, ಪರದೆ ಇವೇ ಕೈಯನ್ನು ಪ್ಯಾಕೆಟ್ಟಿನೊಳಕ್ಕೆ ಕರೆದುಕೊಂಡು ಹೋಗುತ್ತಿದ್ದವು. ನೀವೂ ಟಿವಿ ಮುಂದೆ ಕುಳಿತು ತಿನ್ನುತ್ತಿದ್ದ ಚಿಪ್ಸಿನ ಎಷ್ಟು ತುಣುಕಿನ ರುಚಿ ನಿಮಗೆ ಗೊತ್ತಾಗಿದೆ?

ಆದರೆ ಆ ಹೊತ್ತಿನಲ್ಲಿ ಅಲ್ಲಿದ್ದದ್ದು ಚಿಪ್ಸೊಂದೇ ಅಲ್ಲ. ಪಕ್ಕದಲ್ಲಿ ನಿಮ್ಮವರಿದ್ದರು. ದಿನವಿಡೀ ಕೆಲಸ, ಮಕ್ಕಳು, ಲೆಕ್ಕಾಚಾರ. ಎಲ್ಲ ಮುಗಿದ ಮೇಲೆ ಇಬ್ಬರೂ ಒಂದೇ ಪ್ಯಾಕೆಟ್ಟಿಗೆ ಕೈ ಹಾಕುತ್ತಾ ಏನೂ ಮಾತಾಡದೆ ಕೂತಿರುತ್ತಿದ್ದ ಆ ಒಂದು ಗಂಟೆ. ನೀವು ಚಿಪ್ಸ್ ಬಿಟ್ಟಿರಿ, ಅದರ ಜೊತೆಗೆ ಎದ್ದು ಹೋಗಿ ಮಲಗಿಯೂ ಬಿಟ್ಟಿರಿ. ಅವರ ಕಣ್ಣಿಗೆ ಕಂಡದ್ದು ಎರಡನೆಯದು. ‘ನೀನೊಬ್ಬಳೇ ಸನ್ಯಾಸಿ ಆಗು’ ಅನ್ನುವುದರಲ್ಲಿ ಆ ‘ಒಬ್ಬಳೇ’ ಇದೆಯಲ್ಲ, ನೋವಿರುವುದು ಅಲ್ಲಿ. ಗಂಡಸರು ಎಷ್ಟೋ ಸಲ ‘ನೀನು ಪಕ್ಕದಲ್ಲಿ ಇಲ್ಲ ಅಂತ ಬೇಜಾರಾಗಿದೆ’ ಎಂದು ನೇರವಾಗಿ ಹೇಳುವುದಿಲ್ಲ, ಚಿಪ್ಸಿನ ಹೆಸರಲ್ಲಿ ಜಗಳ ತೆಗೆಯುತ್ತಾರೆ. ನೀವು ಬಿಟ್ಟದ್ದನ್ನು ಅವರು ತಮ್ಮ ಮೇಲಿನ ದೂರು ಅಂತಲೂ ತಿಳಿದಿರಬಹುದು: ಅವಳು ಸರಿದಾರಿಯಲ್ಲಿ, ನಾನು ತಪ್ಪುದಾರಿಯಲ್ಲಿ.

ಹಾಗಾಗಿ ಇವತ್ತು ರಾತ್ರಿಯೇ ವಾಪಸ್ ಹೋಗಿ ಅವರ ಪಕ್ಕ ಕೂತುಕೊಳ್ಳಿ. ಅವರು ತಿನ್ನಲಿ. ಅವರ ಪ್ಯಾಕೆಟ್ ಕಡೆ ನೋಡಬೇಡಿ, ಎಣಿಸಬೇಡಿ, ಎಣ್ಣೆ ಉಪ್ಪಿನ ಮಾತು ಎತ್ತಲೇಬೇಡಿ. ನಿಮ್ಮ ಕೈಗೆ ಬಿಸಿಯಾಗಿ ಕುಡಿಯುವಂಥದ್ದು ಏನಾದರೂ ಇರಲಿ, ಬರಿಗೈ ಇದ್ದರೆ ಅದು ತಾನಾಗಿ ಆ ಕಡೆ ಹೋಗುತ್ತದೆ. ಆಮೇಲೆ ಸಮಯ ನೋಡಿ ಹೇಳಿ: ‘ರೀ, ನನಗೆ ನಿಮ್ಮ ಜೊತೆ ಕೂರೋದು ಬೇಡ ಅಂತಲ್ಲ. ಇದಿಲ್ಲದೆ ನಾನು ಹೇಗಿರ್ತೀನಿ ಅಂತ ನೋಡ್ತಾ ಇದೀನಿ. ನೀವು ಬಿಡಿ ಅಂತ ನಾನು ಹೇಳಲ್ಲ.’ ಆ ರಾತ್ರಿ ಮುಚ್ಚಿಟ್ಟ ಕವರಿನ ವಿಷಯವನ್ನೂ ಹೇಳಿಬಿಡಿ. ತಪ್ಪೊಪ್ಪಿಗೆಯ ಥರ ಬೇಡ, ಅವತ್ತು ಏನಾಯಿತು ಅಂತ ಹೇಳಿದ ಹಾಗಿರಲಿ. ಅವರು ನಕ್ಕಾರು, ಇಲ್ಲವೆ ‘ನನ್ನನ್ನು ಕರೀಬಾರದಿತ್ತಾ’ ಅಂದಾರು. ಎರಡೂ ನಿಮಗೆ ಬೇಕಾದದ್ದೇ. ಒಂದು ಪ್ಯಾಕೆಟ್ ಚಿಪ್ಸ್ ತಿಂದರೆ ಮೈ ತಡೆದುಕೊಳ್ಳುತ್ತದೆ. ನಿಮ್ಮ ಮನೆಯಲ್ಲೇ ನೀವು ಕದ್ದು ತಿನ್ನುವಂತಾದರೆ ಅದು ಮನಸ್ಸಿಗೆ ದೊಡ್ಡ ಭಾರ.

‘ಇರೋದೇ ಇಷ್ಟು ಖುಷಿ’ ಎಂಬ ಅವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ರುಚಿಗಾಗಿ ತಿನ್ನುವುದು ತಪ್ಪಲ್ಲ. ನಿಮ್ಮ ಪ್ರಯೋಗದ ಕೊನೆಗೆ ಬಿಸ್ಕತ್ತು ಏನೂ ಕೊಡುತ್ತಿರಲಿಲ್ಲ, ಭಾನುವಾರ ರಾತ್ರಿ ಇವರ ಜೊತೆ ತಿನ್ನುವ ಚಿಪ್ಸ್ ಮಾತ್ರ ಬೇಕು ಎಂಬ ಉತ್ತರ ಬಂದರೆ ಅದನ್ನು ಸಂತೋಷವಾಗಿ ಇಟ್ಟುಕೊಳ್ಳಿ. ತಟ್ಟೆಗೆ ಹಾಕಿಕೊಂಡು, ಕೂತು, ರುಚಿ ನೋಡಿ ತಿನ್ನಿ.

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಬೇಕು ಅನಿಸಿದ್ದು ಯಾವಾಗ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು, ತಿಂದ ಮೇಲೆ ಅಥವಾ ತಿನ್ನದೆ ಇದ್ದ ಮೇಲೆ ಹೇಗನಿಸಿತು, ರಾತ್ರಿ ನಿದ್ದೆ ಹೇಗಿತ್ತು. ತೂಕ ಬರೆಯಬೇಡಿ, ಸದ್ಯಕ್ಕೆ ಅದು ನಿಮ್ಮ ಪ್ರಶ್ನೆಯೂ ಅಲ್ಲ. ಎರಡು ವಾರ ಒಂದನ್ನು ಬಿಟ್ಟು ನೋಡಿ, ಬೇಕಿದ್ದರೆ ಕೆಲವು ದಿನ ವಾಪಸ್ ತಂದು ನೋಡಿ. ಔಷಧಿ ಒಬ್ಬ ರೋಗಿಗೆ ನಿಜಕ್ಕೂ ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು ವೈದ್ಯರು ಕೆಲವೊಮ್ಮೆ ಹೀಗೆ ಕೊಟ್ಟು ನಿಲ್ಲಿಸಿ, ಮತ್ತೆ ಕೊಟ್ಟು ನೋಡುತ್ತಾರೆ.

ಒಂದು ತಿಂಗಳ ಗಡುವನ್ನೂ ಕೈಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತವರ ತಂಡ 96 ಜನರನ್ನು 12 ವಾರ ಗಮನಿಸಿ, ಒಂದು ಹೊಸ ಅಭ್ಯಾಸ ಯೋಚಿಸದೆಯೇ ನಡೆಯುವಂತಾಗಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿತು. ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ನಿಮ್ಮ ಕೇಕಿನ ದಿನವೂ ಅಂಥದ್ದೇ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ಬಚ್ಚಿಟ್ಟುಕೊಂಡು, ಕೈ ನಿಲ್ಲದೆ, ಹೊಟ್ಟೆ ನೋಯುವಷ್ಟು ತಿನ್ನುವುದು ಮತ್ತೆ ಮತ್ತೆ ಆದರೆ ಈ ಪ್ರಯೋಗವನ್ನೇ ನಿಲ್ಲಿಸಿ ವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಇದನ್ನು ಓದಿ ತಾವೂ ಶುರು ಮಾಡಬೇಕೆನ್ನುವ ಬೇರೆ ಓದುಗರಿಗೂ ಎರಡು ಮಾತು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಿಂಡಿಯಲ್ಲಿ ದೊಡ್ಡ ಬದಲಾವಣೆ ಮಾಡುವ ಮುಂಚೆ ವೈದ್ಯರನ್ನು ಕೇಳಲೇಬೇಕು, ಸಕ್ಕರೆ ಅಂಶ ತೀರಾ ಕೆಳಗಿಳಿಯುವ ಅಪಾಯವಿರುತ್ತದೆ. ದಿನವೂ ಹೆಚ್ಚು ಮದ್ಯ ಕುಡಿಯುವವರು ಅದನ್ನು ಮನೆಯಲ್ಲಿ ತಾವಾಗಿಯೇ ಒಂದೇ ದಿನ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಅದನ್ನು ಬಿಡುವುದು ವೈದ್ಯರ ನಿಗಾದಲ್ಲೇ ಆಗಬೇಕು.